ಸೈಟೋಸ್ಕೇಪ್: ಯೀಸ್ಟ್ ಜಾಲದ ತುಂಬ ರೈಬೋಸೋಮ್, ಗ್ಯಾಲ್4 ನಾಪತ್ತೆ

ಯೀಸ್ಟ್_ಪುಟ್ಟಿ:
ಎಲ್ಲರಿಗೂ ನಮಸ್ಕಾರ. ಯೀಸ್ಟನ್ನು ಗ್ಲೂಕೋಸ್‌ನಿಂದ ಗ್ಯಾಲಕ್ಟೋಸ್‌ಗೆ ಬದಲಿಸಿ, ಮಾಸ್ ಸ್ಪೆಕ್‌ನಲ್ಲಿ (ತೂಕದಿಂದ ಅಣುಗಳನ್ನು ಗುರುತಿಸುವ ಯಂತ್ರ) ಪ್ರೋಟೀನ್ ಅಳೆದಿದ್ದೇವೆ. ಏರುಪೇರಾದವುಗಳ ಪಟ್ಟಿಯನ್ನು ಜಾಲದ ಚಿತ್ರ ಬರೆಯುವ ಸಾಫ್ಟ್‌ವೇರ್ ಸೈಟೋಸ್ಕೇಪ್‌ನ ಸ್ಟ್ರಿಂಗ್ ಆ್ಯಪ್‌ಗೆ (ಪ್ರೋಟೀನ್‌ಗಳ ನಡುವಿನ ಸಂಬಂಧಗಳನ್ನು ಸ್ಟ್ರಿಂಗ್ ಡೇಟಾಬೇಸ್‌ನಿಂದ ತರುವ ಆ್ಯಪ್) ಕೊಟ್ಟರೆ ಬರೀ ಗೋಜಲು, ನಡುವೆ ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ಯಂತ್ರವಾದ ರೈಬೋಸೋಮ್‌ನ ಪ್ರೋಟೀನ್‌ಗಳ ಗುಂಪು. ಅಳತೆಯ ಟೇಬಲ್ ಇಂಪೋರ್ಟ್ ಮಾಡಿದರೆ ಕಾಲಂ ಬರುತ್ತದೆ, ಒಳಗೆ ಖಾಲಿ. ಗ್ಯಾಲಕ್ಟೋಸ್ ಅರಗಿಸುವ ಗ್ಯಾಲ್1, ಗ್ಯಾಲ್7, ಗ್ಯಾಲ್10 ಎಲ್ಲ ಇವೆ. ಅವನ್ನು ಆನ್ ಮಾಡುವ ಗ್ಯಾಲ್4 ಮಾತ್ರ ಇಲ್ಲ! ಸಾಫ್ಟ್‌ವೇರ್ ತೊಂದರೆಯಾ?

ಗಂಟು_ಬಿಡಿಸೋಣ:
ಸಾಫ್ಟ್‌ವೇರ್ ಸರಿಯಾಗೇ ಇದೆ. ಖಾಲಿ ಕಾಲಂ ಹೆಸರಿನ ಜಗಳ. ಸ್ಟ್ರಿಂಗ್ ಪ್ರತಿ ಹೆಸರಿನ ಮೊದಲು ಜೀವಿಯ ಸಂಖ್ಯೆ ಸೇರಿಸುತ್ತದೆ: ಗ್ಯಾಲ್1 ಅಲ್ಲಿ 4932.ವೈಬಿಆರ್020ಡಬ್ಲ್ಯೂ. ನಿಮ್ಮ ಟೇಬಲ್‌ನಲ್ಲಿ ಆ 4932 ಇರುವುದಿಲ್ಲ, ಅಲ್ವಾ? ಇಂಪೋರ್ಟ್ ಮಾಡುವಾಗ ನೆಟ್‌ವರ್ಕ್ ಕಡೆಯ ಕೀ ಕಾಲಂ ಆಗಿ 'ಕ್ವೆರಿ ಟರ್ಮ್' (ನೀವು ಕೊಟ್ಟ ಹೆಸರು ಹಾಗೇ ಇರುವ ಕಾಲಂ) ಆರಿಸಿ. ಟೇಬಲನ್ನು ಎಕ್ಸೆಲ್‌ನಲ್ಲಿ ತೆರೆದಿದ್ದರೆ ಒಸಿಟಿ1 ಜೀನ್ ಅಕ್ಟೋಬರ್ 1 ಆಗಿದೆಯೇ ನೋಡಿಬಿಡಿ.

ಗೋಜಲಿಗೆ ಕಾರಣ ಕಟಾಫ್, ಅಂದರೆ ಎಷ್ಟು ಭರವಸೆಯ ಗೆರೆಗಳನ್ನು ಉಳಿಸಬೇಕು ಎಂಬ ಮಿತಿ. ಡಿಫಾಲ್ಟ್ 0.4, ಅದನ್ನು 0.7ಕ್ಕೆ ಏರಿಸಿ. ಎರಡು ಪ್ರೋಟೀನ್‌ಗಳ ಹೆಸರು ಪ್ರಬಂಧಗಳಲ್ಲಿ ಮತ್ತೆ ಮತ್ತೆ ಜೊತೆಗೆ ಬಂದರೂ ಸ್ಟ್ರಿಂಗ್ ಅದನ್ನು ಸಾಕ್ಷಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನೇರವಾಗಿ ಅಂಟಿಕೊಳ್ಳುವ ಅಥವಾ ಒಂದೇ ಕೂಟದಲ್ಲಿರುವ ಪ್ರೋಟೀನ್‌ಗಳಷ್ಟೇ ಬೇಕೆಂದರೆ ಫಿಸಿಕಲ್ ನೆಟ್‌ವರ್ಕ್ ಆರಿಸಿ.

ಹಳೇ_ಪಿಪೆಟ್:
ಗ್ಯಾಲ್4 ವಿಷಯ ನಾನು ಹೇಳುತ್ತೇನೆ. ಆ್ಯಪ್ ನೀವು ಕೊಟ್ಟ ಹೆಸರುಗಳನ್ನಷ್ಟೇ ಬರೆಯುತ್ತದೆ. ಗ್ಯಾಲ್4 ನಿಮ್ಮ ಪಟ್ಟಿಗೇ ಬಂದಿಲ್ಲ. ಅದು ಜೀವಕೋಶದಲ್ಲಿ ತೀರಾ ಕಡಿಮೆ ಇರುವ ಪ್ರೋಟೀನ್, ಮಾಸ್ ಸ್ಪೆಕ್ ಕಣ್ಣಿಗೆ ಬೀಳುವುದೇ ಕಷ್ಟ. ಜೊತೆಗೆ ಇಲ್ಲಿ ಮುಖ್ಯ ಸ್ವಿಚ್ ಇರುವುದು ಅದರ ಪ್ರಮಾಣದಲ್ಲಿ ಅಲ್ಲ. ಗ್ಯಾಲಕ್ಟೋಸ್ ಇಲ್ಲದಾಗ ಗ್ಯಾಲ್80 ಅದರ ಮೇಲೆ ಕೂತು ಬಾಯಿ ಮುಚ್ಚಿಸಿರುತ್ತದೆ. ಗ್ಯಾಲಕ್ಟೋಸ್ ಬಂದಾಗ ಗ್ಯಾಲ್3 ಹೋಗಿ ಗ್ಯಾಲ್80ರ ಹಿಡಿತ ಬಿಡಿಸುತ್ತದೆ. ಆಮೇಲೆ ಗ್ಯಾಲ್1, 7, 10 ಜೋರಾಗಿ ಏರುತ್ತವೆ. ಅಂದರೆ ಜಾಲದ ಯಜಮಾನನೇ ಪ್ರೋಟೀನ್ ಅಳತೆಯಲ್ಲಿ ಕಾಣದಿರುವುದು ಇಲ್ಲಿ ಸಹಜ. ಗ್ಯಾಲ್3, ಗ್ಯಾಲ್4, ಗ್ಯಾಲ್80 ಮೂರನ್ನೂ ಕೈಯಾರೆ ಸೇರಿಸಿ, ಬೇರೆ ಬಣ್ಣ ಕೊಡಿ. ಅಳೆದದ್ದು ಯಾವುದು, ನೀವು ಸೇರಿಸಿದ್ದು ಯಾವುದು ಎಂದು ನೋಡುವವರಿಗೆ ಗೊತ್ತಾಗಬೇಕು.

ಇನ್ನೊಂದು ತಮಾಷೆ: 1989ರಲ್ಲಿ ಫೀಲ್ಡ್ಸ್ ಮತ್ತು ಸಾಂಗ್ ಎರಡು ಪ್ರೋಟೀನ್‌ಗಳು ಒಂದಕ್ಕೊಂದು ಅಂಟುತ್ತವೆಯೇ ಎಂದು ನೋಡುವ ಯೀಸ್ಟ್ ಟೂ-ಹೈಬ್ರಿಡ್ ವಿಧಾನ ಕಟ್ಟಿದ್ದೇ ಈ ಗ್ಯಾಲ್4ನ್ನು ಎರಡು ತುಂಡು ಮಾಡಿ. ಇಂಥ ಜಾಲಗಳಲ್ಲಿ ಎಷ್ಟೋ ಗೆರೆಗಳು ಬಂದಿರುವುದು ಆ ವಿಧಾನದಿಂದಲೇ.

ಯೀಸ್ಟ್_ಪುಟ್ಟಿ:
ಥ್ಯಾಂಕ್ಸ್ ಸರ್, ಕಾಲಂ ತುಂಬಿತು. ಆದರೆ 0.7 ಇಟ್ಟರೂ ರೈಬೋಸೋಮ್ ಗುಂಪು ಅಲ್ಲಾಡುತ್ತಿಲ್ಲ. ಎನ್‌ರಿಚ್‌ಮೆಂಟ್‌ನಲ್ಲೂ (ಪಟ್ಟಿಯಲ್ಲಿ ಯಾವ ಕೆಲಸದ ಪ್ರೋಟೀನ್‌ಗಳು ನಿರೀಕ್ಷೆಗಿಂತ ಹೆಚ್ಚಿವೆ ಎಂಬ ಲೆಕ್ಕ) ಮೊದಲು ಬರುವುದು 'ಟ್ರಾನ್ಸ್‌ಲೇಷನ್', ಅಂದರೆ ಪ್ರೋಟೀನ್ ತಯಾರಿಕೆ. ಅವನ್ನೆಲ್ಲ ಸುಮ್ನೆ ಅಳಿಸಿಬಿಡಲಾ?

ಗಂಟು_ಬಿಡಿಸೋಣ:
ಬೇಡ! 0.9 ಇಟ್ಟರೂ ಅವು ಹೋಗುವುದಿಲ್ಲ. ಯೀಸ್ಟ್ ರೈಬೋಸೋಮ್‌ನಲ್ಲಿ 79 ಬಗೆಯ ಪ್ರೋಟೀನ್‌ಗಳು ನಿಜವಾಗಿಯೂ ಒಂದೇ ಯಂತ್ರದ ಭಾಗಗಳು. ಬೆಳವಣಿಗೆಯ ವೇಗ ಬದಲಾದರೆ ಅವುಗಳ ಪ್ರಮಾಣವೂ ಬದಲಾಗುತ್ತದೆ, ಹಾಗಾಗಿ ನಿಮ್ಮಲ್ಲಿ ಕಾಣುವುದು ನಿಜವೇ ಇರಬಹುದು. ಅವನ್ನು ಒಂದು ಗ್ರೂಪ್ ಮಾಡಿ ಮಡಚಿಡಿ, ಉಳಿದದ್ದು ಕಾಣುತ್ತದೆ.

ಎನ್‌ರಿಚ್‌ಮೆಂಟ್ ಲೆಕ್ಕ ಬೇರೆ. ಅಲ್ಲಿ ಹಿನ್ನೆಲೆಯಾಗಿ ಇಡೀ ಜೀನೋಮ್, ಅಂದರೆ ಸುಮಾರು 6,000 ಜೀನ್, ಇಟ್ಟಿದ್ದೀರಿ ಅನ್ನಿಸುತ್ತದೆ. ಮಾಸ್ ಸ್ಪೆಕ್ ಹಿಡಿಯುವುದೇ ಜಾಸ್ತಿ ಇರುವ ಪ್ರೋಟೀನ್‌ಗಳನ್ನು, ರೈಬೋಸೋಮ್ ಅದರಲ್ಲಿ ಮುಂದೆ. ಯಾವ ಪ್ರಯೋಗ ಮಾಡಿದರೂ 'ಟ್ರಾನ್ಸ್‌ಲೇಷನ್' ಮೇಲೆ ಬರುವ ಸಾಧ್ಯತೆ ಜಾಸ್ತಿ. ಬದಲಾಗಲಿ ಬಿಡಲಿ, ಯಂತ್ರ ಕಂಡ ಅಷ್ಟೂ ಪ್ರೋಟೀನ್‌ಗಳ ಪಟ್ಟಿಯನ್ನು ಬ್ಯಾಕ್‌ಗ್ರೌಂಡ್ ಆಗಿ ಕೊಟ್ಟು ಮತ್ತೆ ಓಡಿಸಿ. ಆಗಲೂ 'ಟ್ರಾನ್ಸ್‌ಲೇಷನ್' ಉಳಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ.