ಹಿನ್ನೆಲೆ ಸೇವೆಯಿಂದ ಇಜೆಬಿ (ಎಂಟರ್‌ಪ್ರೈಸ್ ಜಾವಾ ಬೀನ್ಸ್) ಮೆಥಡ್‌ಗಳನ್ನು ಹೆಸರು ಹಿಡಿದು ಕರೆಯುವುದು ಹೇಗೆ?

ಪ್ರಶ್ನೆ

ರಾತ್ರಿ ನಡೆಯಬೇಕಾದ ಕೆಲಸಗಳನ್ನು ನಾವು ಡೇಟಾಬೇಸ್‌ನ ಒಂದು ಟೇಬಲ್‌ನಲ್ಲಿ ಇಟ್ಟಿದ್ದೇವೆ. ಪ್ರತಿ ಸಾಲಿನಲ್ಲಿ ಬೀನ್‌ನ (ಸರ್ವರ್ ನಿರ್ವಹಿಸುವ ಜಾವಾ ಘಟಕದ) ಹೆಸರು, ಮೆಥಡ್‌ನ ಹೆಸರು ಮತ್ತು ಆರ್ಗ್ಯುಮೆಂಟ್‌ಗಳಿವೆ. ಅದೇ ಸರ್ವರ್‌ನಲ್ಲಿ ಓಡುವ ಹಿನ್ನೆಲೆ ಸೇವೆ ಈ ಸಾಲುಗಳನ್ನು ಓದಿ, ಜೆಎನ್‌ಡಿಐ ಲುಕಪ್ (ಹೆಸರಿನಿಂದ ಆಬ್ಜೆಕ್ಟ್ ಹುಡುಕುವ ಜಾವಾ ವ್ಯವಸ್ಥೆ) ಮೂಲಕ ಬೀನ್ ಪಡೆದು, ರಿಫ್ಲೆಕ್ಷನ್‌ನಿಂದ (ಪ್ರೋಗ್ರಾಂ ಓಡುವಾಗಲೇ ಹೆಸರು ಹಿಡಿದು ಮೆಥಡ್ ಹುಡುಕುವ ಸೌಲಭ್ಯದಿಂದ) ಮೆಥಡ್ ಕರೆಯಬೇಕು. ಲುಕಪ್ ಸರಿಯಾಗಿಯೇ ಆಗುತ್ತದೆ. ಆದರೆ ಬೀನ್ ಕ್ಲಾಸಿನಿಂದ ತೆಗೆದ ಮೆಥಡ್ಡನ್ನು ಇನ್‌ವೋಕ್ ಮಾಡಿದೊಡನೆ, ಆಬ್ಜೆಕ್ಟ್ ಆ ಕ್ಲಾಸಿನದಲ್ಲ ಎಂಬ ಇಲ್ಲೀಗಲ್ ಆರ್ಗ್ಯುಮೆಂಟ್ ಎಕ್ಸೆಪ್ಶನ್ ಬರುತ್ತದೆ. ಕ್ಲಾಸಿನಿಂದ ನಾನೇ ಹೊಸ ಆಬ್ಜೆಕ್ಟ್ ಮಾಡಿಕೊಂಡರೆ ಮೆಥಡ್ ಓಡುತ್ತದೆ, ಆದರೆ ಎಂಟಿಟಿ ಮ್ಯಾನೇಜರ್ (ಡೇಟಾಬೇಸ್ ಜೊತೆ ವ್ಯವಹರಿಸುವ ಆಬ್ಜೆಕ್ಟ್) ನಲ್ ಆಗಿರುತ್ತದೆ. ಸರಿಯಾದ ದಾರಿ ಯಾವುದು?

ಉತ್ತರ 1

ಲುಕಪ್ ನಿಮ್ಮ ಕೈಗೆ ಕೊಡುವುದು ಬೀನನ್ನಲ್ಲ, ಕಂಟೇನರ್ (ಬೀನ್‌ಗಳನ್ನು ನಿರ್ವಹಿಸುವ ಸರ್ವರ್ ಭಾಗ) ಅದರ ಮುಂದೆ ನಿಲ್ಲಿಸಿರುವ ಪ್ರಾಕ್ಸಿಯನ್ನು, ಅಂದರೆ ಪ್ರತಿನಿಧಿ ಆಬ್ಜೆಕ್ಟನ್ನು. ಆ ಪ್ರಾಕ್ಸಿ ನಿಮ್ಮ ಲೋಕಲ್ ಇಂಟರ್‌ಫೇಸನ್ನು ಮಾತ್ರ ಇಂಪ್ಲಿಮೆಂಟ್ ಮಾಡಿರುತ್ತದೆಯಾದ್ದರಿಂದ, ಬೀನ್ ಕ್ಲಾಸಿನ ಮೆಥಡ್ ಆಬ್ಜೆಕ್ಟ್ ಅದಕ್ಕೆ ಹೊಂದುವುದಿಲ್ಲ. ಇಂಟರ್‌ಫೇಸಿನ ಕ್ಲಾಸಿನಿಂದಲೇ ಮೆಥಡ್ ಹುಡುಕಿರಿ. ಪ್ಯಾರಾಮೀಟರ್ ಇಂಟ್ ಆಗಿದ್ದಲ್ಲಿ ಇಂಟೀಜರ್ ಕ್ಲಾಸ್ ಕೊಟ್ಟು ಹುಡುಕಿದರೆ ಮೆಥಡ್ ಸಿಗುವುದಿಲ್ಲ ಎಂಬುದನ್ನೂ ಗಮನಿಸಿರಿ. ಬೀನನ್ನು ನೀವೇ ಸೃಷ್ಟಿಸುವುದನ್ನು ದಯವಿಟ್ಟು ಕೈಬಿಡಿ. ಇಂಜೆಕ್ಷನ್ (ಬೇಕಾದ ಆಬ್ಜೆಕ್ಟ್‌ಗಳನ್ನು ಕಂಟೇನರೇ ಒದಗಿಸುವುದು), ಟ್ರಾನ್ಸಾಕ್ಷನ್, ಭದ್ರತೆ ಮೂರೂ ಪ್ರಾಕ್ಸಿಯ ಹಾದಿಯಲ್ಲೇ ಬರುತ್ತವೆ.

ಪ್ರಶ್ನೆ ಕೇಳಿದವರು

ಇಂಟರ್‌ಫೇಸಿನಿಂದ ಹುಡುಕಿದಾಗ ಕರೆ ಯಶಸ್ವಿಯಾಯಿತು, ತುಂಬಾ ಧನ್ಯವಾದಗಳು. ಈಗ ಎರಡು ತೊಡಕುಗಳು ಉಳಿದಿವೆ: ಮೆಥಡ್ ವಿಫಲವಾದಾಗ ಲಾಗ್‌ನಲ್ಲಿ ಸಂದೇಶ ನಲ್ ಎಂದು ಬರುತ್ತದೆ, ನಾನೇ ಹುಟ್ಟಿಸಿದ ಥ್ರೆಡ್‌ನಿಂದ ಕರೆದಾಗ ಕೆಲವು ಲುಕಪ್‌ಗಳು ವಿಫಲವಾಗುತ್ತವೆ.

ಉತ್ತರ 2

ಮೊದಲನೆಯದಕ್ಕೆ ಕಾರಣ, ರಿಫ್ಲೆಕ್ಷನ್ ನಿಜವಾದ ದೋಷವನ್ನು ಇನ್‌ವೊಕೇಶನ್ ಟಾರ್ಗೆಟ್ ಎಕ್ಸೆಪ್ಶನ್‌ನೊಳಗೆ ಸುತ್ತಿಡುತ್ತದೆ. ಅದರ ಕಾಸ್ (cause, ಮೂಲ ಕಾರಣ) ತೆಗೆದು ಲಾಗ್ ಮಾಡಿರಿ.

ಎರಡನೆಯದೇ ಗಂಭೀರವಾದುದು. ನೀವಾಗಿ ಸೃಷ್ಟಿಸಿದ ಥ್ರೆಡ್‌ಗೆ ಕಂಟೇನರ್‌ನ ನೇಮಿಂಗ್ ಕಾಂಟೆಕ್ಸ್ಟ್ (ಲುಕಪ್‌ಗೆ ಬೇಕಾದ ಹೆಸರುಗಳ ಪರಿಸರ) ಆಗಲಿ, ಬಳಕೆದಾರನ ಗುರುತಾಗಲಿ ದೊರೆಯುವ ಖಾತ್ರಿಯಿಲ್ಲ. ಬೀನ್‌ನೊಳಗಿಂದ ಥ್ರೆಡ್ ಹುಟ್ಟಿಸಕೂಡದೆಂದು ಇಜೆಬಿ ನಿರ್ದಿಷ್ಟತೆಯೇ ಹೇಳುತ್ತದೆ. 2013ರ ಜಾವಾ ಇಇ 7ರಿಂದ ಮ್ಯಾನೇಜ್ಡ್ ಎಕ್ಸಿಕ್ಯೂಟರ್ ಸರ್ವಿಸ್ (ಕಂಟೇನರ್ ನಿರ್ವಹಿಸುವ ಥ್ರೆಡ್‌ಗಳಲ್ಲಿ ಕೆಲಸ ಓಡಿಸುವ ಸೇವೆ) ಲಭ್ಯವಿದೆ, ಅದನ್ನು ಇಂಜೆಕ್ಟ್ ಮಾಡಿಕೊಂಡು ಕೆಲಸ ಒಪ್ಪಿಸಿರಿ. ಹಳೆಯ ಸರ್ವರ್ ಆಗಿದ್ದರೆ ಇಜೆಬಿ ಟೈಮರ್ ಸಾಕು. ಆದರೆ ಕರೆದವನ ಟ್ರಾನ್ಸಾಕ್ಷನ್ ಇನ್ನೊಂದು ಥ್ರೆಡ್‌ಗೆ ದಾಟುವುದಿಲ್ಲ. ಹಲವು ಕೆಲಸಗಳನ್ನು ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಓಡಿಸಿದರೆ, ಒಂದರಲ್ಲಿ ಬಂದ ರನ್‌ಟೈಮ್ ಎಕ್ಸೆಪ್ಶನ್ ಇಡೀ ಗುಂಪನ್ನು ರೋಲ್‌ಬ್ಯಾಕ್‌ಗೆ (ಬದಲಾವಣೆಗಳ ರದ್ದತಿಗೆ) ಗುರುತಿಸಿಬಿಡುತ್ತದೆ, ಅದನ್ನು ನೀವು ಕ್ಯಾಚ್ ಮಾಡಿದರೂ ಸಹ. ಆದ್ದರಿಂದ ಪ್ರತಿ ಕೆಲಸಕ್ಕೂ ರಿಕ್ವೈರ್ಸ್ ನ್ಯೂ (ಪ್ರತ್ಯೇಕ ಹೊಸ ಟ್ರಾನ್ಸಾಕ್ಷನ್ ತೆರೆಯುವ ಸೂಚನೆ) ಕೊಡುವುದು ಕ್ಷೇಮ.

ಉತ್ತರ 3

ಇಷ್ಟೆಲ್ಲ ಆದ ಮೇಲೂ ರಿಫ್ಲೆಕ್ಷನ್ ಬೇಕೇ ಎಂದು ಯೋಚಿಸಬೇಕೆಂಬುದು ನನ್ನ ವಿನಂತಿ. ಟೇಬಲ್‌ಗೆ ಬರೆಯಬಲ್ಲ ಯಾರೇ ಆದರೂ ಯಾವ ಮೆಥಡ್ಡನ್ನಾದರೂ ಓಡಿಸಬಹುದಾದ ಸ್ಥಿತಿ ನನಗೆ ಸಮ್ಮತವಲ್ಲ. ಒಂದೇ ಮೆಥಡ್ ಇರುವ ಸಣ್ಣ ಇಂಟರ್‌ಫೇಸನ್ನು ಬರೆದು, ರಾತ್ರಿ ಓಡಬೇಕಾದ ಬೀನ್‌ಗಳು ಮಾತ್ರ ಅದನ್ನು ಇಂಪ್ಲಿಮೆಂಟ್ ಮಾಡಲಿ. ಟೇಬಲ್‌ನಲ್ಲಿ ಬೀನ್‌ನ ಹೆಸರಷ್ಟೇ ಇರಲಿ. ಆಗ ಇಜೆಬಿ 3.1 ತಂದ ಜಾವಾ-ಗ್ಲೋಬಲ್ (java:global) ಹೆಸರಿನಿಂದ ಲುಕಪ್ ಮಾಡಿ ನೇರವಾಗಿ ಕರೆಯಬಹುದು, ಮೆಥಡ್‌ನ ಹೆಸರು ಬದಲಾದರೆ ಕಂಪೈಲರ್ ಹಗಲಿನಲ್ಲೇ ತಿಳಿಸುತ್ತದೆ.