ಸಹಾಯ ಬೇಕು: ಬರ್ಮಾ ಯುದ್ಧಕ್ಕೆ ಹೋಗಿದ್ದ ನಮ್ಮೂರ ಅಜ್ಜನ ಬಗ್ಗೆ

ಎಲ್ಲರಿಗೂ ನಮಸ್ಕಾರ. ಉಡುಪಿ ಹತ್ತಿರದ ನಮ್ಮೂರಿನ ಮಿಲಿಟರಿ ಅಜ್ಜ ಕಳೆದ ತಿಂಗಳು ತೀರಿಕೊಂಡರು. ನೂರು ದಾಟಿತ್ತು. ಊರಿನ ಇತಿಹಾಸ ಬಳಗದಲ್ಲಿ ಅವರ ನೆನಪಿನ ಸಭೆ ಇಟ್ಟಿದ್ದೇವೆ, ಮಾತಾಡಬೇಕಾದವಳು ನಾನು.

ಅವರ ಟ್ರಂಕಿನಲ್ಲಿ ಆರು ಮೊನೆಯ ಕಂಚಿನ ಪದಕ ಸಿಕ್ಕಿದೆ, ಬರ್ಮಾ ಸ್ಟಾರ್. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಹೋರಾಡಿದವರಿಗೆ ಕೊಟ್ಟ ಪದಕ ಅದು. ಕಡುನೀಲಿ ರಿಬ್ಬನ್, ನಡುವೆ ಅಗಲದ ಕೆಂಪು ಪಟ್ಟಿ, ಎರಡೂ ಬದಿಯ ನೀಲಿಯಲ್ಲಿ ಕಿತ್ತಳೆ ಗೆರೆ. ಹಿಂದೆ ಹೆಸರು ಕೆತ್ತಿಲ್ಲ. ಡಿಸ್ಚಾರ್ಜ್ ಪುಸ್ತಕಕ್ಕೆ ಗೆದ್ದಲು ಹಿಡಿದು ರೆಜಿಮೆಂಟಿನ ಹೆಸರೂ ಓದಲಿಕ್ಕಾಗುವುದಿಲ್ಲ. "ಕೊಹಿಮಾದ ಮಳೆ ನಮ್ಮ ಆಟಿ ಮಳೆಯ ಹಾಗೇ" ಅನ್ನುತ್ತಿದ್ದರು. ಕೊಹಿಮಾ ಅಂದರೆ ಬರ್ಮಾ ಗಡಿಯ ಹತ್ತಿರ, ಈಗಿನ ನಾಗಾಲ್ಯಾಂಡಿನಲ್ಲಿದೆ. 1944ರ ಏಪ್ರಿಲ್‌ನಿಂದ ಜೂನ್‌ವರೆಗೆ ಅಲ್ಲಿ ಜಪಾನಿ ಸೇನೆಯ ಜೊತೆ ಘೋರ ಕಾಳಗ ನಡೆದಿತ್ತು. ಅದರ ಬಗ್ಗೆ ಕೇಳಿದರೆ ಅಜ್ಜ ಸುಮ್ಮನೆ ಎದ್ದು ಹಟ್ಟಿಗೆ ಹೋಗುತ್ತಿದ್ದರು.

ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹಾಗಾಗಿ ಮದ್ರಾಸ್ ರೆಜಿಮೆಂಟೋ ಮದ್ರಾಸ್ ಸ್ಯಾಪರ್ಸೋ (ಸೇನೆಯ ಎಂಜಿನಿಯರ್ ಪಡೆ) ಇರಬಹುದೆಂದು ನನ್ನ ಊಹೆ, ಆದರೆ ಊಹೆಯನ್ನು ಸಭೆಯಲ್ಲಿ ಹೇಳಲು ಮನಸ್ಸಿಲ್ಲ. ಅಜ್ಜನ ಮಗಳೂ "ಅಪ್ಪನ ಬಗ್ಗೆ ಇಲ್ಲದ್ದು ಒಂದೂ ಬೇಡ" ಅಂದಿದ್ದಾರೆ.

ಸರ್ವಿಸ್ ನಂಬರ್ ಇಲ್ಲದೆ ರೆಕಾರ್ಡ್ ಆಫೀಸಿನಿಂದ ಹಳೆ ದಾಖಲೆ ತೆಗೆಸಿದವರು ಯಾರಾದರೂ ಇದ್ದೀರಾ? ನಿಮ್ಮ ಮನೆಯ ಹಿರಿಯರೂ ಬರ್ಮಾಕ್ಕೆ ಹೋಗಿದ್ದರೆ, ಅವರ ಫೋಟೋ, ಪತ್ರ ಉಂಟಾದರೆ ದಯವಿಟ್ಟು ತಿಳಿಸಿ. ಬಂದು ನೋಡಿಕೊಂಡು ಹೋಗುತ್ತೇನೆ.