ದಾರಿ ನೋಡಲು ಮೊಬೈಲ್ ಬಳಸಿದರೂ ದಂಡ ಕಟ್ಟಬೇಕೇ?

ಪ್ರಶ್ನೆ:
ನನ್ನ ತಮ್ಮ ಬೆಂಗಳೂರಿನಲ್ಲಿ ಸ್ಕೂಟರಿನಲ್ಲಿ ಮನೆಮನೆಗೆ ಊಟ ತಲುಪಿಸುವ ಕೆಲಸ ಮಾಡುತ್ತಾನೆ. ಆರ್ಡರ್, ದಾರಿ, ಗ್ರಾಹಕರ ಕರೆ ಎಲ್ಲವೂ ಮೊಬೈಲಿನಲ್ಲೇ ಬರುವುದರಿಂದ ಅದನ್ನು ಹ್ಯಾಂಡಲಿನ ಹೋಲ್ಡರಿಗೆ ಸಿಕ್ಕಿಸಿಕೊಂಡು, ಬ್ಲೂಟೂತ್ ಇಯರ್‌ಫೋನಿನಲ್ಲಿ ಮಾತನಾಡುತ್ತಾ ಹೋಗುತ್ತಾನೆ. ಇದು ಅಪರಾಧವೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ವಾಹನ ಓಡಿಸುತ್ತಾ ಮೊಬೈಲನ್ನು ಕೈಯಲ್ಲಿ ಹಿಡಿದು ಬಳಸುವುದು 184ನೇ ಸೆಕ್ಷನ್ನಿನ ಅಪಾಯಕಾರಿ ಚಾಲನೆಯಲ್ಲಿ ಸೇರುತ್ತದೆ. ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿಯವರೆಗೆ ದಂಡ, ಇಲ್ಲವೇ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದು. ಮೂರು ವರ್ಷದೊಳಗೆ ಮತ್ತೆ ಅದೇ ತಪ್ಪಾದರೆ ದಂಡ 10,000 ರೂಪಾಯಿಗೆ ಏರುತ್ತದೆ. ಸಾಮಾನ್ಯವಾಗಿ ರಾಜ್ಯ ಸರ್ಕಾರ ನಿಗದಿಪಡಿಸಿದ ಮೊತ್ತವನ್ನು ಕಟ್ಟಿದರೆ ಪ್ರಕರಣ ಅಲ್ಲಿಗೇ ಮುಗಿಯುತ್ತದೆ, ಅದಕ್ಕೆ 200ನೇ ಸೆಕ್ಷನ್ನಿನಲ್ಲಿ ಅವಕಾಶವಿದೆ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮವು, ಚಾಲಕನ ಏಕಾಗ್ರತೆಗೆ ಭಂಗ ಬಾರದ ರೀತಿಯಲ್ಲಿ ದಾರಿ ತಿಳಿಯಲು ಮಾತ್ರ ಮೊಬೈಲ್ ಬಳಸಬಹುದೆಂದು ಹೇಳುತ್ತದೆ. ಆದ್ದರಿಂದ ನಕ್ಷೆ ನೋಡಿದ ಮಾತ್ರಕ್ಕೆ ತಪ್ಪಾಗದು. ಆದರೆ ಓಡಿಸುತ್ತಲೇ ವಿಳಾಸ ಟೈಪ್ ಮಾಡುವುದಕ್ಕೆ ಈ ವಿನಾಯಿತಿಯ ಆಸರೆ ಹುಡುಕಬಾರದು.

ಉತ್ತರ 2:
ಕೈಯಲ್ಲಿ ಹಿಡಿಯದಿದ್ದರೆ ಸಾಕು ಎಂಬ ನಂಬಿಕೆಯೇ ನನಗೆ ಹೆಚ್ಚು ಆತಂಕ ತರುತ್ತದೆ. ಮೊಬೈಲ್ ಬಳಸುವ ಚಾಲಕರು ಅಪಘಾತಕ್ಕೀಡಾಗುವ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಹೆಚ್ಚೆಂದೂ, ಇಯರ್‌ಫೋನ್ ಬಳಸಿದರೂ ಅಪಾಯ ಅಷ್ಟೇನೂ ತಗ್ಗದೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕಣ್ಣು ರಸ್ತೆಯ ಮೇಲಿದ್ದರೂ ಗಮನ ಮಾತಿನಲ್ಲಿರುವುದೇ ಇದಕ್ಕೆ ಕಾರಣ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನವು ಮೂರು ಸೆಕೆಂಡಿನಲ್ಲಿ 50 ಮೀಟರ್ ಸಾಗಿಬಿಡುತ್ತದೆ, ಅಷ್ಟರಲ್ಲಿ ಮುಂದಿನ ಬಸ್ಸು ಬ್ರೇಕ್ ಹಾಕಿರಬಹುದು, ಮಗುವೊಂದು ರಸ್ತೆಗಿಳಿದಿರಬಹುದು.

ಉತ್ತರ 3:
ಮೇಲಿನ ಇಬ್ಬರ ಮಾತೂ ಸರಿ. ಆದರೆ ಹೊಟ್ಟೆಪಾಡಿಗಾಗಿ ಓಡಾಡುವ ಹುಡುಗನೊಬ್ಬನ ಮೇಲೆಯೇ ಎಲ್ಲ ಹೊಣೆಯನ್ನೂ ಹೊರಿಸುವುದು ನ್ಯಾಯವಲ್ಲ. ಸವಾರ ಚಲಿಸುತ್ತಿರುವಾಗಲೇ ಹೊಸ ಆರ್ಡರ್ ಕಳುಹಿಸಿ, ಕೆಲವೇ ಕ್ಷಣಗಳಲ್ಲಿ ಒಪ್ಪಿಕೊಳ್ಳಬೇಕೆಂದು ಕಾಯುವ ವ್ಯವಸ್ಥೆಯನ್ನು ಕಂಪನಿಗಳೇ ಬದಲಿಸಬೇಕು, ಸರ್ಕಾರವೂ ಅದನ್ನು ಕೇಳಬೇಕು. ನಾವು ಗ್ರಾಹಕರು ಅಡ್ಡರಸ್ತೆ, ಮಹಡಿ, ಗುರುತಿನ ಅಂಗಡಿ ಎಲ್ಲವನ್ನೂ ವಿಳಾಸದಲ್ಲೇ ಬರೆದರೆ ಅರ್ಧದಾರಿಯಲ್ಲಿ ಕರೆ ಮಾಡುವ ಅಗತ್ಯವೇ ಬೀಳದು. ನಿಮ್ಮ ತಮ್ಮನಿಗೆ, ಹೊರಡುವ ಮೊದಲೇ ನಕ್ಷೆ ಹಾಕಿಕೊಂಡು, ಕರೆ ಬಂದರೆ ಸ್ಕೂಟರನ್ನು ಪಕ್ಕಕ್ಕೆ ನಿಲ್ಲಿಸಿಯೇ ಮಾತನಾಡಲು ಹೇಳಿ. ಊಟ ಐದು ನಿಮಿಷ ತಡವಾದರೆ ನಾವು ಕಾಯುತ್ತೇವೆ.